ಆತಕೂರಿನ ನಾಯಿ ಒರಟಲ್ಲ

2024ರ ಜನವರಿಯಲ್ಲಿ ಅಯೋಧ್ಯೆಯ ಬಾಲರಾಮನ ವಿಗ್ರಹ ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್, ಕಲ್ಲು ಎಚ್.ಡಿ. ಕೋಟೆ ಕಡೆಯದ್ದು ಅಂತ ಗೊತ್ತಾದ ಮೇಲೆ ನಮ್ಮ ಕಡೆ ಎಲ್ಲರೂ ಒಂದಷ್ಟು ದಿನ ಶಿಲ್ಪಕಲೆಯ ಎಕ್ಸ್‌ಪರ್ಟ್ ಆಗಿಬಿಟ್ಟಿದ್ರು. ಒಳ್ಳೇದೇ. ಆದರೆ ಶಿಲ್ಪ ಅಂದ ತಕ್ಷಣ ನಮಗೆ ನೆನಪಾಗೋದು ದೇವರ ವಿಗ್ರಹ, ಇಲ್ಲಾಂದ್ರೆ ಹೊಯ್ಸಳ ದೇವಸ್ಥಾನ. ಮಂಡ್ಯದಲ್ಲಿ ಯಾರನ್ನಾದ್ರೂ ಕೇಳಿ, ಬಸರಾಳಿಗೆ ಹೋಗಿ ಅಂತಾರೆ. ಹೋಗಲೇಬೇಕು, 1234ರ ಮಲ್ಲಿಕಾರ್ಜುನ ದೇವಸ್ಥಾನ ಅದ್ಭುತವಾಗಿದೆ. ಆದರೂ ಇವತ್ತಿನ ಶಿಲ್ಪಿಗೆ ಹೆಚ್ಚು ಪಾಠ ಸಿಗೋದು ಅಲ್ಲಲ್ಲ, ಊರ ಹೊರಗೆ, ಕೆರೆ ಏರಿ ಪಕ್ಕ ನಿಂತಿರೋ ವೀರಗಲ್ಲುಗಳಲ್ಲಿ ಅನ್ನೋದು ನನ್ನ ವಾದ.

ಮದ್ದೂರು ತಾಲ್ಲೂಕಿನ ಆತಕೂರನ್ನೇ ತಗೊಳ್ಳಿ. 949ರ ತಕ್ಕೋಲಂ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೇರ ಅನ್ನೋ ವೀರನಿಗೆ ರಾಜ ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಮುಂದೆ ಆ ನಾಯಿ ಒಂದು ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದ್ರು, ಭೂಮಿ ಬಿಟ್ರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಊಟ ಮಾಡಿದ್ರೆ ನಾಯಿ ಮಾಡಿದ ಪಾಪ ಅವನಿಗೆ ಸುತ್ತಿಕೊಳ್ಳುತ್ತೆ ಅಂತಲೂ ಬರೆಸಿದ್ರು! ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾನು ಇಂಗ್ಲಿಷ್ ಮೀಡಿಯಂ, ಅದರ ಹಳಗನ್ನಡ ನನಗೆ ಓದೋಕೆ ಬರಲ್ಲ. ನಾಯಿ ಹಂದಿಯ ಕಾಳಗ ಮಾತ್ರ ನೋಡಿದ ಕೂಡಲೇ ಅರ್ಥ ಆಗುತ್ತೆ.

ವೀರಗಲ್ಲುಗಳನ್ನ ‘ಒರಟು ಕೆತ್ತನೆ’ ಅಂತ ತಳ್ಳಿಹಾಕೋರಿಗೆ ಮೆಟೀರಿಯಲ್ ಸೈನ್ಸ್ ನೆನಪಿಸಬೇಕು. ಬಸರಾಳಿನಲ್ಲಿರೋದು ಬಳಪದ ಕಲ್ಲು. ಅದರಲ್ಲಿರೋ ಟಾಲ್ಕ್‌ನ ಗಡಸುತನ ಮೋಸ್ ಸ್ಕೇಲ್‌ನಲ್ಲಿ 1. ಹಾಗಾಗಿ ಸರದ ಒಂದೊಂದು ಮಣಿಯನ್ನೂ ಬಿಡಿಸಬಹುದು. ನಮ್ಮ ಹೊಲಗಳಲ್ಲಿ ಸಿಗೋ ಗಟ್ಟಿ ಕಲ್ಲಿನಲ್ಲಿ ಕ್ವಾರ್ಟ್ಸ್ ಇರುತ್ತೆ, ಅದರದ್ದು 7. ಅಂಥ ಕಲ್ಲಿಗೆ ಉಳಿ ಇಡೋನು ಏನು ಬೇಕು ಅನ್ನೋದಕ್ಕಿಂತ ಏನು ಬೇಡ ಅಂತ ಮೊದಲು ತೀರ್ಮಾನ ಮಾಡಬೇಕು. ಕೆಳಗೆ ಯುದ್ಧ, ನಡುವೆ ವೀರನನ್ನ ಕರೆದೊಯ್ಯೋ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಮೂರೇ ಪಟ್ಟಿಯಲ್ಲಿ ಒಂದು ಜೀವನ ಮುಗಿಯುತ್ತೆ. ಕೆಳಗಿನಿಂದ ಮೇಲಕ್ಕೆ ಓದೋ ಕಾಮಿಕ್ಸ್ ಅನ್ಕೊಳ್ಳಿ.

ಆಧುನಿಕ ಶಿಲ್ಪಿಗಳು ಹುಡುಕಿದ್ದೂ ಇದನ್ನೇ ತಾನೇ? ಇಂಗ್ಲೆಂಡಿನ ಹೆನ್ರಿ ಮೂರ್‌ಗೆ 1929ರಲ್ಲಿ ಒರಗಿ ಮಲಗಿದ ಹೆಂಗಸಿನ ಶಿಲ್ಪಕ್ಕೆ ದಾರಿ ತೋರಿಸಿದ್ದು ಮೆಕ್ಸಿಕೋದ ಪುರಾತನ ಚಾಕ್‌ಮೂಲ್ ಕಲ್ಲು. ನಾವು ಮಾತ್ರ ಸರ್ಕಲ್‌ಗಳಲ್ಲಿ ಚಿನ್ನದ ಬಣ್ಣ ಬಳಿದ ಸಿಮೆಂಟ್ ಪ್ರತಿಮೆ ನಿಲ್ಲಿಸ್ತೀವಿ. ಹೆಸರಿನ ಬೋರ್ಡ್ ತೆಗೆದ್ರೆ ಅದು ಯಾರು ಅಂತ ಹೇಳೋಕಾಗಲ್ಲ. ಇನ್ನು ನಿಜವಾದ ವೀರಗಲ್ಲಿನ ಪಾಡು? ಅದಕ್ಕೆ ಎಮಲ್ಷನ್ ಬಳಿದಿರ್ತಾರೆ, ಎತ್ತು ಕಟ್ಟಿರ್ತಾರೆ, ರಸ್ತೆ ಅಗಲ ಮಾಡುವಾಗ ಜೆಸಿಬಿಯಲ್ಲಿ ಪಕ್ಕಕ್ಕೆ ಉರುಳಿಸಿರ್ತಾರೆ. ಆ ರಸ್ತೆ ಮಾಡಿಸೋರು ನಮ್ಮ ಸೀನಿಯರ್‌ಗಳೇ, ನಾಳೆ ನಾವೇ.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡಿ ಉಳಿಸ್ತಿದ್ದಾರೆ. ಅವರ ಹತ್ತಿರ ಇರೋ ಸ್ಕ್ಯಾನರ್ ನಮಗೆ ಸಿಗಲ್ಲ, ಸರಿ. ಆದರೆ ಫೋಟೋಗ್ರಾಮೆಟ್ರಿಗೆ ಫೋನ್ ಸಾಕು: ಕಲ್ಲಿನ ಸುತ್ತ ನಡೀತಾ, ಒಂದರ ಮೇಲೊಂದು ಹೆಚ್ಚಿನ ಭಾಗ ಬರೋ ಹಾಗೆ ಐವತ್ತು ಅರವತ್ತು ಫೋಟೋ. ಮುಂದಿನ ಎನ್‌ಎಸ್‌ಎಸ್ ಕ್ಯಾಂಪ್ ಮಳವಳ್ಳಿ ಕಡೆ ಆದ್ರೆ, ಏಳು ದಿನದಲ್ಲಿ ಒಂದು ದಿನ ಇದಕ್ಕೆ ಬಿಡಿ. ಮೊದಲು ಊರಿನ ಹಿರಿಯರನ್ನ ಕೇಳಿ, ಯಾವ ಕಲ್ಲು ಎಲ್ಲಿದೆ ಅಂತ ಅವರಿಗೇ ಗೊತ್ತಿರೋದು. ಮತ್ತೆ ನೆತ್ತಿ ಬಿಸಿಲಲ್ಲಿ ಬೇಡ, ನೆರಳು ಬಿದ್ದು ಮಾಡೆಲ್ ಕೆಡುತ್ತೆ. ಮೋಡ ಇರೋ ಬೆಳಗ್ಗೆ ಹೋಗೋಣ.