ಈಜು ಬಾರದ್ದು ಯಾಕೆ?



ಬೇಸಿಗೆ ರಜಾ ಬಂತು ಅಂದರೆ ಪೇಪರಿನ ಮೂಲೆಯಲ್ಲಿ ಒಂದೇ ಥರದ ಸುದ್ದಿ: ‘ಈಜು ಬಾರದೆ ಬಾಲಕ ನೀರುಪಾಲು’. ನಾಲ್ಕು ಸಾಲು, ಅಷ್ಟೆ. ಈಜು ಯಾಕೆ ಬರಲಿಲ್ಲ ಅಂತ ಆ ನಾಲ್ಕು ಸಾಲಿನಲ್ಲಿ ಯಾರೂ ಕೇಳುವುದಿಲ್ಲ.

ನಾವು ಕೇಳೋಣ. ಈಜು ಹುಟ್ಟಿನಿಂದ ಬರುವುದಲ್ಲ, ನೀರಿಗಿಳಿದು ಕಲಿಯಬೇಕಾದ್ದು. ನಮ್ಮ ತಾತಂದಿರನ್ನು ನೀರಿಗಿಳಿಯಲು ಬಿಟ್ಟವರು ಯಾರು? ಕೆರೆಯ ಹೂಳೆತ್ತುವಾಗ ಬೇಕಾದ ಕೈ, ಕೆರೆ ತುಂಬಿದ ಮೇಲೆ ಮೈಲಿಗೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದಿದ್ದಕ್ಕೆ ಸವರ್ಣೀಯರು ಸಗಣಿ ಗಂಜಲ ಸುರಿದು ಆ ಕೆರೆಯನ್ನು ‘ಶುದ್ಧ’ ಮಾಡಿದರು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರು ಹಿಡಿದೇ ಹೇಳಿರುವುದು ಸುಮ್ಮನೆ ಅಲ್ಲ. ಊರ ಹುಡುಗರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರುವಾಗ ಕೇರಿ ಹುಡುಗರು ದೂರ ನಿಂತು ನೋಡಿದರು. ಅಪ್ಪನಿಗೆ ಬಾರದ ಈಜನ್ನು ಮಗನಿಗೆ ಕಲಿಸೋರು ಯಾರು? ಮಗಳ ಮಾತಂತೂ ಕೇಳಲೇಬೇಡಿ.

ಅಮೆರಿಕದಲ್ಲೂ ಇದೇ ಕತೆ. 1964ರಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನಿನಲ್ಲಿ ಕಪ್ಪು ಜನರೂ ಅವರ ಬಿಳಿಯ ಸಂಗಾತಿಗಳೂ ಹೋಟೆಲೊಂದರ ಈಜುಕೊಳಕ್ಕೆ ಇಳಿದಾಗ ಮಾಲೀಕ ನೀರಿಗೆ ಆಸಿಡ್ ಸುರಿದ. ಇವತ್ತಿಗೂ ಆ ದೇಶದ ಈಜುಕೊಳಗಳಲ್ಲಿ ಕಪ್ಪು ಮಕ್ಕಳು ಬಿಳಿಯರ ಮಕ್ಕಳಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಮುಳುಗಿ ಸಾಯುತ್ತಿದ್ದಾರೆ.

ನಮ್ಮ ಮೂರು ತಾಲ್ಲೂಕಿನಲ್ಲಿ ಕುಡಿಯುವ ನೀರಿಗೆ ಬರ, ಮುಳುಗುವ ಗುಂಡಿಗೆ ಬರವಿಲ್ಲ. ಕೊಳ್ಳೇಗಾಲದ ಪಕ್ಕ ಕಾವೇರಿ, ಯಳಂದೂರಿಗೆ ಸುವರ್ಣಾವತಿ, ಹನೂರಿನ ಕಡೆ ಉಡುತೊರೆ ಹಳ್ಳ. ಜೊತೆಗೆ ಕರಿಕಲ್ಲು ತೆಗೆದು ಹಾಗೇ ಬಿಟ್ಟುಹೋದ ಕ್ವಾರಿ ಗುಂಡಿಗಳು, 2014ರ ಕೃಷಿಭಾಗ್ಯದಿಂದೀಚೆಗೆ ಹೊಲಗಳಲ್ಲಿ ಕೃಷಿ ಹೊಂಡಗಳು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಿ ಬರಲಾರ. ಗೂಟಕ್ಕೆ ಒಂದು ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಹೊಳೆಯನ್ನೂ ನಂಬುವಂತಿಲ್ಲ. ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟರೆ ಇಲ್ಲಿ ಮೋಡವೇ ಇಲ್ಲದ ದಿನವೂ ನೀರು ಏರುತ್ತೆ. 2018, 2019ರ ಆಗಸ್ಟಿನಲ್ಲಿ ದಾಸನಪುರ, ಮುಳ್ಳೂರಿನವರು ಅದನ್ನು ಕಂಡಿದ್ದಾರೆ. ಭರಚುಕ್ಕಿಯ ಬಂಡೆ ಮೇಲೆ ಫೋಟೊ ತೆಗೆಸಿಕೊಳ್ಳೋ ಹಾಸ್ಟೆಲ್ ಗೆಳೆಯರಿಗೆ (ಹೌದು, ನಿಮಗೇ) ಇದು ಗೊತ್ತಿರಲಿ.

ಮುಳುಗುವವನು ಸಿನಿಮಾದಲ್ಲಿ ತೋರಿಸೋ ಹಾಗೆ ಕೂಗುವುದಿಲ್ಲ, ಅವನಿಗೆ ಉಸಿರಿಗೇ ಪುರುಸೊತ್ತಿಲ್ಲ. ಅವನನ್ನು ಉಳಿಸಲು ಹಾರಿದ ತಮ್ಮನೋ ಗೆಳೆಯನೋ ಅವನ ಹಿಂದೆಯೇ ಹೋಗುತ್ತಾನೆ. ಆದ್ದರಿಂದ ಹಾರಬೇಡಿ. ದಡದಲ್ಲಿ ಬೋರಲು ಮಲಗಿ ಗಳ ಚಾಚಿ, ಪಂಚೆಯೋ ಸೀರೆಯೋ ಎಸೆಯಿರಿ, ಖಾಲಿ ಪ್ಲಾಸ್ಟಿಕ್ ಬಿಂದಿಗೆ ತೇಲಿಬಿಡಿ. ಮೇಲೆತ್ತಿದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ಬೇಡವೇ ಬೇಡ. ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಎರಡು ಸಲ ಊದಿ, ಎದೆಯ ನಡುವೆ 30 ಸಲ ಜೋರಾಗಿ ಒತ್ತಿ, ಮತ್ತೆ ಎರಡು ಸಲ ಊದಿ. 108 ಗಾಡಿ ಬರುವವರೆಗೂ ನಿಲ್ಲಿಸಬೇಡಿ. ಬಾಯಿಗೆ ಬಾಯಿಡುವಾಗ ಜಾತಿ ನೆನಪಾಗುವವರು ದಯವಿಟ್ಟು ದೂರ ನಿಲ್ಲಲಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದಾದ್ಯಂತ ಮುಳುಗಿ ಸತ್ತವರು ಸುಮಾರು 3 ಲಕ್ಷ. ಹತ್ತರಲ್ಲಿ ಒಂಬತ್ತು ಜನ ನಮ್ಮಂಥ ದೇಶಗಳವರು. ಆದರೆ ಬಾಂಗ್ಲಾದೇಶದ ಹಳ್ಳಿಗಳು ಈಜುಕೊಳಕ್ಕಾಗಿ ಕಾದು ಕೂರಲಿಲ್ಲ. ಊರ ಕೊಳದಲ್ಲೇ ಬಿದಿರಿನ ಅಟ್ಟಣೆ, ಬೇಲಿ ಕಟ್ಟಿ ಮಕ್ಕಳಿಗೆ ಈಜು ಕಲಿಸಿದವು. ತಾಲ್ಲೂಕಿಗೊಂದು ಈಜುಕೊಳವನ್ನು ಕೇಳೋಣ, ಬಿಡುವುದು ಬೇಡ. ಅದು ಬರುವವರೆಗೆ ಈಜು ಬಲ್ಲ ಹಿರಿಯರನ್ನು ಹಿಡಿದು, ಆಳವಿಲ್ಲದ ಕಡೆ, ಹಗ್ಗ ಕಟ್ಟಿ ಕಲಿಯೋಣ. ಹೆಣ್ಣುಮಕ್ಕಳ ಹಾಸ್ಟೆಲಿನವರಿಗೂ ಅಷ್ಟೇ ಹಕ್ಕು. ಬಟ್ಟೆ ಒಗೆಯಲು ದಿನಾ ನೀರಿಗೆ ಹೋಗೋರು ಅವರೇ ಅಲ್ಲವೇ?

ಜುಲೈ 25ನ್ನು ಮುಳುಗಿ ಸಾಯುವುದನ್ನು ತಡೆಯುವ ದಿನ ಅಂತ ವಿಶ್ವಸಂಸ್ಥೆ 2021ರಲ್ಲಿ ಗೊತ್ತುಮಾಡಿದೆ. ಅಷ್ಟರೊಳಗೆ ಪ್ರತಿ ಹಾಸ್ಟೆಲಿನಿಂದ ಇಬ್ಬಿಬ್ಬರು ತಮ್ಮ ಊರಿನ ಬೇಲಿಯಿಲ್ಲದ ಹೊಂಡ, ಕ್ವಾರಿ ಗುಂಡಿ, ಪಾಳುಬಾವಿಗಳನ್ನು ಪಟ್ಟಿ ಮಾಡಿ ಪಂಚಾಯ್ತಿಗೆ ಅರ್ಜಿ ಕೊಡಿ. ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳೋದು ಮರೀಬೇಡಿ.