ಎಪ್ಪತ್ತರ ಮೇಲೆ, ಎಂಬತ್ತೈದರ ಕೆಳಗೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬುದ್ಧಿ ಎನ್ನುವುದು ಒಂದು ಗೇಟ್ ಪಾಸು. ಒಂದನೇ ಕ್ಲಾಸಿನ ಸೀಟಿಗೆ ಮಗುವನ್ನು ‘ಸುಮ್ಮನೆ ಮಾತಾಡಿಸಿ’ ನೋಡುವಲ್ಲಿಂದ ಹಿಡಿದು ಕ್ಯಾಂಪಸ್ ಸೆಲೆಕ್ಷನ್ನಿನ ಆಪ್ಟಿಟ್ಯೂಡ್ ಟೆಸ್ಟಿನವರೆಗೆ ಅದನ್ನು ತೋರಿಸುತ್ತಲೇ ಇರಬೇಕು. ಹೀಗೆ ಮಗುವನ್ನು ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ. ದೊಡ್ಡ ಸ್ಕೂಲುಗಳ ಫೀಸಿನ ಮುಂದೆ ಅದು ಚಿಲ್ಲರೆ ಕಾಸು.

ಬುದ್ಧಿಯಲ್ಲಿ ವ್ಯತ್ಯಾಸವೇ ಇಲ್ಲ ಎಂಬ ವಾದ ನನ್ನದಲ್ಲ. ‘ಎಲ್ಲ ಮಕ್ಕಳೂ ಜಾಣರೇ’ ಎಂಬ ಮಾತು ಕೇಳಲು ಹಿತ. ಹತ್ತು ವರ್ಷವಾದರೂ ಚಿಲ್ಲರೆ ಎಣಿಸಲಾಗದ ಮಗುವಿನ ತಾಯಿಗೆ ಮಾತ್ರ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ವ್ಯತ್ಯಾಸವೇ ಇಲ್ಲವೆಂದ ಮೇಲೆ ನೆರವು ಯಾಕೆ ಎಂದು ಕೈತೊಳೆದುಕೊಳ್ಳುವುದು ಸುಲಭ. ವ್ಯತ್ಯಾಸ ಇದೆ. ಅಳೆಯಲೂಬಹುದು. ಅಳೆಯುವುದು ಯಾತಕ್ಕೆ ಎಂಬುದೇ ಪ್ರಶ್ನೆ.

1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ತನ್ನ ಬುದ್ಧಿಪರೀಕ್ಷೆಯನ್ನು ರೂಪಿಸಿದ್ದು ಜಾಣರನ್ನು ಆರಿಸಲಿಕ್ಕಲ್ಲ, ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ವಿಶೇಷ ಪಾಠ ಕೊಡಲಿಕ್ಕೆ. ಧಾರವಾಡದಲ್ಲಿ ವಿ.ವಿ. ಕಾಮತ್ ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಅವರ ಪುಸ್ತಕ ಬಂದದ್ದು 1940ರಲ್ಲಿ. ಬಿನೆ-ಕಾಮತ್ ಪರೀಕ್ಷೆ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ. ನೆರವಿಗೆಂದು ಬಂದ ಅಳತೆಕೋಲನ್ನು ನಾವು ಬೇಲಿಗೂಟ ಮಾಡಿಕೊಂಡಿದ್ದೇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿಯಂಥ ಮುಖ್ಯ ಸವಲತ್ತುಗಳಿಗೆ ಕನಿಷ್ಠ ಶೇ. 40 ವೈಕಲ್ಯ ಇರಬೇಕು. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ, ದೈನಂದಿನ ಬದುಕಿನ ಸಾಮರ್ಥ್ಯ ಅಳೆಯುವ ಮಾಪನದಲ್ಲಿ 55ರಿಂದ 69 ಅಂಕ ಬಂದರೆ ವೈಕಲ್ಯ ಶೇ. 50, 70ರಿಂದ 84 ಬಂದರೆ ಶೇ. 25. ಅಂದರೆ 69ಕ್ಕೆ ಬಾಗಿಲು ತೆರೆಯುತ್ತದೆ, 70ಕ್ಕೆ ಮುಚ್ಚುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯೊಬ್ಬಳ ಮಗನಿಗೆ 72 ಬಂತು ಎನ್ನಿ. ಕ್ಲಾಸಿನಲ್ಲಿ ಅವನು ದಡ್ಡ ಶಿಖಾಮಣಿ, ಸರ್ಟಿಫಿಕೇಟಿನ ಲೆಕ್ಕದಲ್ಲಿ ಸಾಕಷ್ಟು ಜಾಣ. ಇಂಥದೇ ಹುಡುಗ ದುಡ್ಡಿರುವ ಮನೆಯಲ್ಲಿದ್ದರೆ ಸ್ಪೆಷಲ್ ಎಜುಕೇಟರ್ ಸಿಗುತ್ತಾರೆ. ಇವನಿಗೆ ಸಿಗುವುದು ‘ಗಮನ ಕೊಟ್ಟು ಓದುವುದಿಲ್ಲ’ ಎಂಬ ಷರಾ.

ಆ ಇನ್ನೊಂದು ತುದಿಯಲ್ಲೂ ಒಂದೇ ಅಂಕೆಗೆ ಮನುಷ್ಯರು ಸಿಕ್ಕುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. 1988ರಲ್ಲಿ ಅವರನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್‌ಗೆ ಸರಳ ಪ್ರತಿಕ್ರಿಯೆಗಳ ವೇಗದಲ್ಲಿ ಅಸಾಧಾರಣವಾದದ್ದೇನೂ ಕಾಣಲಿಲ್ಲ. ಆಕೆಯ ಒಗಟಿನ ಪುಸ್ತಕಗಳನ್ನು ಉರು ಹೊಡೆದು ಟೆಸ್ಟ್ ಪಾಸಾದವರು ತಮ್ಮ ಅಂಕವೇ ತಮ್ಮ ಬುದ್ಧಿಯ ಪೂರ್ತಿ ಅಳತೆ ಎಂದು ಬೀಗುವುದು ತಮಾಷೆ.

ಕಂಪನಿಗಳು ಏನೂ ಮಾಡಿಲ್ಲ ಎನ್ನುವಂತಿಲ್ಲ. ವೈಟ್‌ಫೀಲ್ಡಿನಲ್ಲಿರುವ ಸ್ಯಾಪ್ ಲ್ಯಾಬ್ಸ್ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಟೆಸ್ಟಿಂಗಿಗೆ ತೆಗೆದುಕೊಂಡದ್ದು ಒಳ್ಳೆಯದೇ. ಆದರೆ ಇಂಥ ಸುದ್ದಿಗಳನ್ನು ನಾವು ಮೆಚ್ಚುವ ರೀತಿಯಲ್ಲೇ ಒಂದು ಷರತ್ತು ಅಡಗಿದೆ: ಕೊರತೆಯ ಹಿಂದೆ ಲಾಭ ತರುವ ಪ್ರತಿಭೆಯೊಂದು ಇರಬೇಕು. ಅಡಗಿದ ಪ್ರತಿಭೆ ಯಾವುದೂ ಇಲ್ಲದೆ, ನಿಧಾನವಾಗಿ ಕಲಿತು, ಕಲಿತಷ್ಟನ್ನು ಅಚ್ಚುಕಟ್ಟಾಗಿ ಮಾಡುವವರು ಎಲ್ಲಿಗೆ ಹೋಗಬೇಕು? ಖಾಸಗಿ ಕಂಪನಿಗಳಲ್ಲಿ ಕನಿಷ್ಠ ಶೇ. 5 ನೌಕರರು ಅಂಗವಿಕಲರಿರುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಎನ್ನುತ್ತದೆ 2016ರ ಕಾಯ್ದೆಯ 35ನೇ ಸೆಕ್ಷನ್. ಕಡ್ಡಾಯ ಮಾಡುವುದಿಲ್ಲ. ಮಾಡಿದರೂ 72 ಬಂದ ಹುಡುಗ ಆ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಕೇಳಬೇಕಾದದ್ದು ಕರುಣೆಯನ್ನಲ್ಲ. ಸರ್ಟಿಫಿಕೇಟ್ ಕೇಳದೆ, ಹಿಂದೆ ಬಿದ್ದ ಪ್ರತಿ ಮಗುವಿಗೂ ಅದು ಕಲಿಯುವ ಶಾಲೆಯಲ್ಲೇ ವಿಶೇಷ ಪಾಠ. ಸರ್ಕಾರದಿಂದ ಜಮೀನು, ರಿಯಾಯಿತಿ ಪಡೆದ ಕ್ಯಾಂಪಸ್ಸುಗಳಲ್ಲಿ ನಿಧಾನಿಗಳಿಗೂ ಪೂರ್ತಿ ಸಂಬಳದ ಕೆಲಸ. ಜಾಣರಾದದ್ದು ನಮ್ಮ ಸಾಧನೆ ಎನ್ನುವವರು ದಡ್ಡರಾದದ್ದು ಆ ಹುಡುಗನ ತಪ್ಪು ಎಂದೂ ಹೇಳಬೇಕಾಗುತ್ತದೆ. ಅದನ್ನು ಅವನ ತಾಯಿಯ ಎದುರು ನಿಂತು ಹೇಳಲಿ.