ಯಾರ ಗಡ್ಡಕ್ಕೆ ಯಾವ ಹತ್ಯಾರು?

ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ನಮ್ಮಲ್ಲುಂಟು. ಬೆಂಕಿಯ ಮಾತು ಹಾಗಿರಲಿ, ಮದುವೆ ಮನೆಗೆ ಹೊರಡುವ ಹೊತ್ತಿಗೆ ಕತ್ತರಿ ಹುಡುಕುವವರೇನೂ ಕಡಿಮೆಯಿಲ್ಲ. ಪಿಯುಸಿ ಓದುವ ನನ್ನ ಮೊಮ್ಮಗನಿಗೆ ಈಗ ಗಡ್ಡ ಮೂಡುವ ಕಾಲ. ನನಗೋ, ಬೆಳೆದ ಬಿಳಿ ಗಡ್ಡವನ್ನು ಹದದಲ್ಲಿಡುವ ಕಾಲ. "ಅಜ್ಜ, ನಮ್ಮಿಬ್ಬರಿಗೂ ಒಂದೇ ಟ್ರಿಮ್ಮರ್ ಸಾಕಲ್ವಾ?" ಎಂದು ಮೊನ್ನೆ ಕೇಳಿದ. "ಸಾಲದು ಮಾರಾಯಾ" ಎಂದೆ. ಏಕೆ ಸಾಲದು ಎಂಬುದೇ ಈ ವಾರದ ಮಾತು.

ಹಿಂದೆಲ್ಲ ಮಡಚುವ ಕ್ಷೌರದ ಕತ್ತಿಯೇ ಗತಿ. ಅದನ್ನು ಹಿಡಿಯಲು ಪಳಗಿದ ಕೈ ಬೇಕು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವರಿಗೆ 1904ರಲ್ಲಿ, ಬ್ಲೇಡ್ ಬದಲಿಸಬಹುದಾದ ಸೇಫ್ಟಿ ರೇಜರಿಗೆ ಪೇಟೆಂಟ್ ಸಿಕ್ಕಿತು. ಅಲ್ಲಿಂದ ಮುಂದೆ ಮನೆಯಲ್ಲೇ ಮುಖಕ್ಷೌರ ಮಾಡಿಕೊಳ್ಳುವುದು ಸುಲಭವಾಯಿತು. ಈಗ ಹಂಪನಕಟ್ಟೆಯ ಅಂಗಡಿಗೆ ಹೋದರೆ ಯಾವುದನ್ನು ಕೊಳ್ಳುವುದೆಂದು ತಲೆ ತಿರುಗುವಷ್ಟು ನಮೂನೆಗಳು. ಡಬ್ಬದ ಮೇಲಿನ ನಟನ ಮುಖ ನೋಡಬೇಡಿ, ನಿಮ್ಮ ಮುಖ ನೋಡಿಕೊಂಡು ಆರಿಸಿ.

ಉದ್ದ ಗಡ್ಡದವರಿಗೆ ಬಾಚಣಿಗೆ ಮತ್ತು ಸಣ್ಣ ಕತ್ತರಿ ಸಾಕು. ಕತ್ತರಿಯ ಮೊನೆ ದುಂಡಗಿರಲಿ. ಹಾಲಿನ ಪ್ಯಾಕೆಟ್ ಕತ್ತರಿಸುವ ಅಡುಗೆಮನೆಯ ಕತ್ತರಿಯನ್ನು ಇದಕ್ಕೆ ತರಬೇಡಿ. ಗಡ್ಡ ಒಣಗಿದ ಮೇಲೆಯೇ ಕತ್ತರಿಸಿ. ಒದ್ದೆ ಕೂದಲು ಉದ್ದವಾಗಿ ಕಾಣುವುದರಿಂದ ಬೇಕಾದ್ದಕ್ಕಿಂತ ಹೆಚ್ಚು ಹೋಗಿಬಿಡುತ್ತದೆ.

ಗಿಡ್ಡ ಗಡ್ಡಕ್ಕೆ ಟ್ರಿಮ್ಮರ್ ಒಳ್ಳೆಯದು. ಅದಕ್ಕೆ ಸಿಕ್ಕಿಸುವ ಬಾಚಣಿಗೆಯ ಮೇಲೆ ಮಿಲಿಮೀಟರ್ ಲೆಕ್ಕ ಬರೆದಿರುತ್ತದೆ. ಮಕ್ಕಳೇ, ಒಂದು ಲೆಕ್ಕ ಮಾಡಿ ನೋಡಿ. ಗಡ್ಡ ತಿಂಗಳಿಗೆ ಸುಮಾರು 10 ಮಿಲಿಮೀಟರ್ ಬೆಳೆಯುತ್ತದೆ. 10 ಮಿಲಿಮೀಟರ್ ಗಡ್ಡವನ್ನು ಅವಸರದಲ್ಲಿ 3ಕ್ಕೆ ಇಳಿಸಿದರೆ, ಮತ್ತೆ ಮೊದಲಿನಂತಾಗಲು ಎಷ್ಟು ದಿನ ಬೇಕು? ಹೆಚ್ಚುಕಡಿಮೆ 21 ದಿನ! ಆದ್ದರಿಂದ ದೊಡ್ಡ ಸಂಖ್ಯೆಯಿಂದ ಶುರುಮಾಡಿ, ಸಣ್ಣದಕ್ಕೆ ಬನ್ನಿ. ಬ್ಯಾಂಕಿನಲ್ಲಿ ಕಳೆದ ಹಣವನ್ನು ಮರುದಿನವೇ ಜಮಾ ಮಾಡಬಹುದು, ಗಡ್ಡವನ್ನು ಆಗದು.

ನಮ್ಮ ಮಂಗಳೂರಿನ ಮಳೆಗಾಲ ಗೊತ್ತಲ್ಲ, ಮಡಚಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಕತ್ತರಿ, ಟ್ರಿಮ್ಮರುಗಳನ್ನು ಬಚ್ಚಲಲ್ಲಿ ಬಿಡಬೇಡಿ. ಕೂದಲು ಕೊಡವಿ, ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಡಿ. ತೆಂಗಿನೆಣ್ಣೆ ಗಡ್ಡಕ್ಕೆ ಆದೀತು, ಯಂತ್ರಕ್ಕೆ ಬೇಡ, ಅಂಟುಗಟ್ಟುತ್ತದೆ. ಕೊಳ್ಳುವಾಗ ಡಬ್ಬದ ಮೇಲೆ 'ಐಪಿಎಕ್ಸ್ 7' ಎಂದಿದ್ದರೆ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. 'ಐಪಿಎಕ್ಸ್ 4' ಎಂದಿದ್ದರೆ ನೀರಿನ ಸಿಂಚನ ಮಾತ್ರ ತಡೆದೀತು, ಅದನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ.

ಇನ್ನು ಮೊಮ್ಮಗನ ಪ್ರಶ್ನೆಗೆ ಬರೋಣ. ಬ್ಲೇಡಾಗಲಿ ಟ್ರಿಮ್ಮರಾಗಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಯ ಮಾಡಬಹುದು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಕಾಯಿಲೆಯ ವೈರಾಣು ದೇಹದ ಹೊರಗೆ ಕಡಿಮೆಯೆಂದರೂ 7 ದಿನ ಬದುಕಿರುತ್ತದೆ. ಅಜ್ಜ-ಮೊಮ್ಮಗ ಒಂದೇ ತಟ್ಟೆಯಲ್ಲಿ ನೀರುದೋಸೆ ತಿನ್ನಲಿ, ಆದರೆ ರೇಜರು, ಟ್ರಿಮ್ಮರು ಬೇರೆ ಬೇರೆ ಇರಲಿ. ಸೆಲೂನಿನಲ್ಲೂ ಹೊಸ ಬ್ಲೇಡ್ ಹಾಕಿದ್ದನ್ನು ನೋಡಿಯೇ ಕುಳಿತುಕೊಳ್ಳಿ.

ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು. ರಕ್ತ ತೆಳುವಾಗಲು ಮಾತ್ರೆ ನುಂಗುವವರಿಗೆ ಸಣ್ಣ ಗೀರಿನ ರಕ್ತವೂ ಬೇಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯವರ ಗಾಯ ಬೇಗ ಮಾಯುವುದಿಲ್ಲ. ಅಂಥವರು ಬ್ಲೇಡ್ ಬಿಟ್ಟು ಟ್ರಿಮ್ಮರೋ ಎಲೆಕ್ಟ್ರಿಕ್ ಶೇವರೋ ಹಿಡಿಯುವುದೇ ಲೇಸು. ಹಗುರವಾದದ್ದು, ಹಿಡಿ ದಪ್ಪಗಿರುವುದು, ಗುಂಡಿ ದೊಡ್ಡದಿರುವುದು ಆಗಲಿ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಿ.

ಕದ್ರಿ ಪಾರ್ಕಿಗೆ ನನ್ನ ಜೊತೆ ವಾಕಿಂಗ್ ಬರುತ್ತಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಕಳೆದ ವರ್ಷ ಬರುವುದನ್ನೇ ನಿಲ್ಲಿಸಿದರು. ಕಾಲುನೋವೆಂದು ನಾವು ತಿಳಿದಿದ್ದೆವು. ನಿಜ ಸಂಗತಿಯೆಂದರೆ, ಕೈ ನಡುಗಿ ಕ್ಷೌರ ಮಾಡಿಕೊಳ್ಳಲಾಗದೆ, ಅಡ್ಡಾದಿಡ್ಡಿ ಬೆಳೆದ ಗಡ್ಡ ಹೊತ್ತು ಹೊರಬರಲು ಅವರಿಗೆ ಸಂಕೋಚ. ನಲವತ್ತು ವರ್ಷ ಇಸ್ತ್ರಿ ಹಾಕಿದ ಅಂಗಿಯಲ್ಲಿ ಕೌಂಟರಿಗೆ ಬಂದವರು ಯಾರಲ್ಲಿ ಹೇಳಿಕೊಳ್ಳಬೇಕು? ಕಂಡುಹಿಡಿದದ್ದು ಎಂಟನೇ ಕ್ಲಾಸಿನ ಅವರ ಮೊಮ್ಮಗಳು. "ಅಜ್ಜ, ನಾನು ಮಾಡಿಕೊಡ್ಲಾ?" ಎಂದು ಕೇಳಿ, ಟ್ರಿಮ್ಮರಿಗೆ 5 ಮಿಲಿಮೀಟರ್ ಬಾಚಣಿಗೆ ಸಿಕ್ಕಿಸಿ, ಈಗ ಪ್ರತಿ ಭಾನುವಾರ ಅವಳೇ ಗಡ್ಡ ಸರಿಮಾಡುತ್ತಾಳೆ. ಅವರು ಮತ್ತೆ ಪಾರ್ಕಿಗೆ ಬರುತ್ತಿದ್ದಾರೆ.

ಮಕ್ಕಳೇ, ನಿಮ್ಮ ಅಜ್ಜನ ಗಡ್ಡ ಕೆದರಿದ್ದರೆ ನಗಬೇಡಿ, ಸೋಮಾರಿತನ ಎಂದೂ ತಿಳಿಯಬೇಡಿ. ಮೊದಲು ಕೇಳಿ, ಒಪ್ಪಿದರೆ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿ, ಕೈಗೆ ಕನ್ನಡಿ ಕೊಡಿ. ಬಾಚಣಿಗೆ ಸಿಕ್ಕಿಸದೆ ಟ್ರಿಮ್ಮರ್ ಚಾಲೂ ಮಾಡಬೇಡಿ. ಎಷ್ಟು ಉದ್ದ ಇರಬೇಕೆಂಬುದನ್ನು ಮಾತ್ರ ಅಜ್ಜನೇ ಹೇಳಲಿ.